ನಿದ್ದೆಗೆಟ್ಟ ಗಾಜಿನ ಹೂವು

"ಈ ತೂಗುದೀಪವನ್ನ ಹಬ್ಬಕ್ಕೆ ಮುಂಚೆ ಫಳಫಳ ಹೊಳೆಯೋ ಹಾಗೆ ತೊಳೆದಿಡದೇ ಇದ್ರೆ ನನ್ನ ಹೆಸರು ಎರ್ಮಿನಿಯಾನೇ ಅಲ್ಲ!"

ಹೀಗೆಂದು ನಾನು ಶಪಥ ಮಾಡಿದಾಗ ನನಗೆ ಇಪ್ಪತ್ತೆರಡು ವರ್ಷ. ಈಗ ಎಂಬತ್ತು ದಾಟಿದೆ. ಹೆಸರು ಇನ್ನೂ ಎರ್ಮಿನಿಯಾ ಎಂದೇ ಇದೆ. ಅದು ಹೇಗೆ ಉಳಿಯಿತು ಎನ್ನುವುದೇ ಒಂದು ದೊಡ್ಡ ಕಥೆ.

ಶಪಥಕ್ಕೆ ಸಾಕ್ಷಿಯಾಗಿದ್ದವನು ನನ್ನ ಗಂಡ ಓಲಿಂದೋ ಒಬ್ಬನೇ. ಅವನು ತಟ್ಟೆಯಿಂದ ತಲೆ ಎತ್ತಿ, "ಬೇರೆ ಯಾವ ಹೆಸರು ಇಟ್ಕೊಳ್ತೀಯೋ ಈಗಲೇ ಯೋಚನೆ ಮಾಡಿಟ್ಕೊ. ಅಮ್ಮ ಬಂದ್ಮೇಲೆ ಪುರುಸೊತ್ತು ಸಿಗಲ್ಲ," ಎಂದ.

ಅಮ್ಮ ಎಂದರೆ ನನ್ನ ಅತ್ತೆ ಅರ್ಜಿಯಾ. ಮಂಡಿನೋವಿಗೆಂದು ಅಬಾನೋ ಊರಿಗೆ ಹೋಗಿ ಬಿಸಿ ಕೆಸರಿನಲ್ಲಿ ಕಾಲು ಹೂತುಕೊಂಡು ಕುಳಿತಿದ್ದರು. ಹೊರಡುವಾಗ ಬೀರುವಿನ ಕೀಲಿ, ಹಿಟ್ಟಿನ ಡಬ್ಬಿಯ ಕೀಲಿ, ವೈನಿನ ಕೋಣೆಯ ಕೀಲಿ ಎಲ್ಲವನ್ನೂ ನನ್ನ ಕೈಗೆ ಸುರಿದು, ಬಾಗಿಲಲ್ಲಿ ನಿಂತು ಒಂದೇ ಒಂದು ಮಾತು ಹೇಳಿದ್ದರು: "ಮನೆ ನಿನ್ನದು. ದೀಪ ನನ್ನದು."

ಆ ದೀಪ ಎಂಥದ್ದು ಅಂತೀರಿ! ನಮ್ಮ ಮುರಾನೋ ಗಾಜಿನ ಕುಲುಮೆಗಳ ದ್ವೀಪ; ಇಲ್ಲಿ ಹುಟ್ಟಿದ ಮಗು ಮೊದಲು ನೋಡುವುದೇ ಗಾಜಿನ ದೀಪವನ್ನು, ಆಮೇಲೆ ತಾಯಿಯ ಮುಖವನ್ನು. ರಾಜರಿಗೆ, ಬಿಷಪ್ಪರಿಗೆ, ದೊಡ್ಡ ದೊಡ್ಡ ಹೋಟೆಲುಗಳಿಗೆ ಇಲ್ಲಿಂದಲೇ ತೂಗುದೀಪ ಹೋಗುತ್ತದೆ. ಆದರೆ ನಮ್ಮ ಮನೆಯದು ಯಾವ ರಾಜನೂ ಕೇಳದ ದೀಪ. ಆಗಲೇ ತೀರಿಕೊಂಡಿದ್ದ ನನ್ನ ಮಾವ ಬೊರ್ತೊಲೋ ಅದನ್ನು ಉಳಿಕೆ ಗಾಜಿನಲ್ಲಿ ಮಾಡಿದ್ದರು. ದಿನದ ಕೆಲಸ ಮುಗಿದ ಮೇಲೆ ಗಾಜು ಕರಗಿಸುವ ಮೂಸೆಯ ತಳದಲ್ಲಿ ಒಂದಿಷ್ಟು ಗಾಜು ಉಳಿಯುತ್ತದಲ್ಲ, ಅದರಲ್ಲಿ ಕೆಲಸಗಾರ ತನಗೆಂದು ಏನಾದರೂ ಮಾಡಿಕೊಂಡರೆ ಯಜಮಾನ ಕೇಳುವುದಿಲ್ಲ. ಮಾವ ಒಂದು ಸಂಜೆ ಒಂದು ಎಲೆ ಮಾಡಿದರು, ಇನ್ನೊಂದು ಸಂಜೆ ಒಂದು ತೋಳು, ಮತ್ತೊಂದು ಸಂಜೆ ಒಂದು ಬಟ್ಟಲು. ಹೋಟೆಲಿನವರಿಗೆ ಹಸಿರು ಕರಗಿಸಿದ ದಿನ ಹಸಿರು, ಇಗರ್ಜಿಗೆ ಜೇನುಬಣ್ಣ ಕರಗಿಸಿದ ದಿನ ಜೇನು. ಹೀಗೆ ತಮ್ಮ ಮದುವೆಗೆ ಶುರುವಾದ ದೀಪ ಓಲಿಂದೋ ಹುಟ್ಟುವ ಹೊತ್ತಿಗೆ ಮುಗಿಯಿತು. ಒಂದು ತೋಳು ಉದ್ದ, ಇನ್ನೊಂದು ಗಿಡ್ಡ. ಮೊದಲ ಸಲ ನೋಡಿದವರಿಗೆ ಐದಾರು ದೀಪಗಳು ಒಂದರ ಜುಟ್ಟು ಒಂದು ಹಿಡಿದುಕೊಂಡು ಜಗಳವಾಡುವ ಹಾಗೆ ಕಾಣುತ್ತಿತ್ತು.

ಆದರೆ ಹಬ್ಬದ ಸಂಜೆ ಅತ್ತೆ ಸ್ವಿಚ್ಚು ಒತ್ತಿದರೆಂದರೆ ಜಗಳ ನಿಂತುಬಿಡುತ್ತಿತ್ತು. ಗೋಡೆಯ ಮೇಲೆ ಹಸಿರು ಕೊಳ, ಮೇಜಿನ ಮೇಲೆ ಜೇನು, ಮೂಲೆಯ ಹಳೆಯ ಕುರ್ಚಿಯ ಮೇಲೆ ತಿಳಿನೀಲಿ. ನಡುವೆ ಒಂದೇ ಒಂದು ಗುಲಾಬಿ ಬಣ್ಣದ ಹೂವು. ಅದರ ಬೆಳಕು ಬೀಳುವ ಜಾಗದಲ್ಲಿ ಯಾರು ಕುಳಿತರೂ ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು. ಹಾಗಾಗಿ ಅಲ್ಲಿ ಅತ್ತೆಯೇ ಕುಳಿತುಕೊಳ್ಳುತ್ತಿದ್ದರು!

ಮದುವೆಯಾಗಿ ಎರಡು ಹಬ್ಬ ಕಳೆದಿದ್ದವು. ಸ್ವಿಚ್ಚಿನ ಹತ್ತಿರ ನನ್ನ ಬೆರಳು ಹೋಗುವಂತಿರಲಿಲ್ಲ. ನನ್ನ ತವರು ಬುರಾನೋ, ಪಕ್ಕದ ದ್ವೀಪವೇ. ನಮ್ಮಲ್ಲಿ ಗಂಡಸರು ಮೀನು ಹಿಡಿಯುತ್ತಾರೆ, ಹೆಂಗಸರು ಸೂಜಿಯಲ್ಲಿ ಕಸೂತಿ ಹೆಣೆಯುತ್ತಾರೆ. ನಾನು ಅಕ್ಷರ ಕಲಿಯುವುದಕ್ಕೆ ಮುಂಚೆ ಸೂಜಿ ಕಲಿತವಳು. ಅಕ್ಷರ ಅರ್ಧಕ್ಕೇ ನಿಂತಿತು, ಸೂಜಿ ನಿಲ್ಲಲಿಲ್ಲ. ಅತ್ತೆ ನನ್ನನ್ನು ಹೆಸರು ಹಿಡಿದು ಕರೆದವರೇ ಅಲ್ಲ. "ಏ ಬುರಾನೋದವಳೇ, ಉಪ್ಪು ತಾ. ಏ ಬುರಾನೋದವಳೇ, ಕಿಟಕಿ ಹಾಕು." ದೀಪದ ಹತ್ತಿರ ಹೋದರೆ, "ಸೂಜಿ ಹಿಡಿದ ಕೈ ಅದು. ಗಾಜು ನಿನ್ನ ಮಾತು ಕೇಳಲ್ಲ."

ಕೇಳಿಸುತ್ತೇನೆ ಎಂದುಕೊಂಡೆ. ಈಸ್ಟರಿನ ಹಿಂದಿನ ಶನಿವಾರ ಸಂಜೆ ಅತ್ತೆ ಬರುತ್ತಾರೆ. ಅದೇ ಸಂಜೆ ಪಾದ್ರಿಗಳು ಮನೆಮನೆಗೂ ಬಂದು ತೀರ್ಥ ಚಿಮುಕಿಸುತ್ತಾರೆ. ದೀಪ ಥಳಥಳ ಹೊಳೆಯುತ್ತಿರುತ್ತದೆ. ಅತ್ತೆ ತಲೆ ಎತ್ತಿ ನೋಡಿ, ಕಣ್ಣೊರೆಸಿಕೊಂಡು, "ಎರ್ಮಿನಿಯಾ, ಸ್ವಿಚ್ಚು ನೀನೇ ಒತ್ತಮ್ಮ," ಎನ್ನುತ್ತಾರೆ. ಇಷ್ಟನ್ನೂ ನಾನು ಕನಸಿನಲ್ಲಿ ಎಷ್ಟು ಸಲ ನೋಡಿದ್ದೆನೆಂದರೆ, ಕಣ್ಣೊರೆಸಿಕೊಳ್ಳುವ ಕರವಸ್ತ್ರಕ್ಕೆ ಯಾವ ಅಂಚು ಎಂಬುದೂ ಗೊತ್ತಿತ್ತು.

ಶನಿವಾರ ಬೆಳಗ್ಗೆ ಓಲಿಂದೋ ಗಾಜಿನ ಕುಲುಮೆಗೆ ಕೆಲಸಕ್ಕೆ ಹೋಗುವ ಮುಂಚೆ ಫ್ಯೂಸು ಕಿತ್ತು, ತಂತಿ ಬಿಚ್ಚಿ, ತೋಳು, ಎಲೆ, ಹೂವು ಎಲ್ಲವನ್ನೂ ಇಳಿಸಿ ಕಂಬಳಿಯ ಮೇಲೆ ಮಲಗಿಸಿದ. "ಉಗುರು ಬೆಚ್ಚಗಿನ ನೀರು. ಬಿಸಿ ಬೇಡ, ತಣ್ಣೀರೂ ಬೇಡ. ತೋಳುಗಳು ಒಳಗೆ ಟೊಳ್ಳು, ತಂತಿ ಹೋಗೋ ದಾರಿ ಅದು. ಒಳಗೆ ನೀರು ನಿಲ್ಲೋಕೆ ಬಿಡಬೇಡ. ಕೇಳಿಸ್ತಾ?"

"ಕೇಳಿಸ್ತು ಮಾರಾಯ. ನಾನೇನು ಮಗೂನಾ?"

ಕಿಟಕಿಯ ಪಕ್ಕ ತೊಟ್ಟಿ ಇಟ್ಟುಕೊಂಡು ಕುಳಿತೆ. ಕೆಳಗೆ ಕಾಲುವೆ. ನೀರಿನ ಮೇಲೆ ಬಿದ್ದ ಬಿಸಿಲು ಒಳಗೆ ಬಂದು ನಮ್ಮ ಮನೆಯ ಮಾಡಿನ ಮೇಲೆ ತೆರೆತೆರೆಯಾಗಿ ಆಡುತ್ತಿತ್ತು. ಸೋಪಿನ ನೀರಿನಿಂದ ಒಂದೊಂದೇ ತುಂಡು ಹೊರಗೆ ಬರುತ್ತಿತ್ತು. ಇಷ್ಟು ವರ್ಷದ ಹೊಗೆ, ಹುರಿದ ಮೀನಿನ ಜಿಡ್ಡು ಎಲ್ಲ ಕರಗಿ, ಬಣ್ಣಗಳು ಆಗತಾನೇ ಕಣ್ಣು ಬಿಟ್ಟ ಹಾಗೆ ನನ್ನನ್ನೇ ನೋಡುತ್ತಿದ್ದವು.

ತೊಳೆದು ಇಟ್ಟಿದ್ದರೆ ಆಗುತ್ತಿತ್ತು. ನೋಡುವುದಕ್ಕೆ ಶುರುಮಾಡಿದೆ! ಹಸಿರು ಎಲೆಯನ್ನು ಕಣ್ಣಿಗೆ ಹಿಡಿದು ಕಿಟಕಿಯಾಚೆ ನೋಡಿದೆ: ಎದುರುಮನೆ ಸಮುದ್ರದ ತಳಕ್ಕೆ ಇಳಿದಿತ್ತು. ಜೇನುಬಣ್ಣದ ಬಟ್ಟಲು ಹಿಡಿದೆ: ಏಪ್ರಿಲ್ ಹೋಗಿ ದ್ರಾಕ್ಷಿ ಕೊಯ್ಯುವ ಕಾಲ ಬಂದಿತ್ತು. ಆಮೇಲೆ ಆ ಗುಲಾಬಿ ಹೂವು. ಅಯ್ಯೋ, ಏನು ಹೇಳಲಿ! ಕಾಲುವೆಯ ನೀರೆಲ್ಲ ಗುಲಾಬಿ. ಸೇತುವೆ, ಬೆಕ್ಕು, ಒಣಹಾಕಿದ ಬಟ್ಟೆ ಎಲ್ಲ ಗುಲಾಬಿ. ಗುಲಾಬಿ ಬಣ್ಣದ ದೋಣಿಯೊಂದು ಗುಲಾಬಿ ಬಟಾಣಿ ತುಂಬಿಕೊಂಡು ಮೆಲ್ಲಗೆ ತೇಲಿಬಂತು. ನನ್ನ ಇಡೀ ಬಾಳು ಹೀಗೇ ತೇಲಿಕೊಂಡು ಹೋಗುತ್ತದೆ ಅನ್ನಿಸಿತು.

"ಓ ಎರ್ಮಿನಿಯಮ್ಮಾ, ಎಳೆ ಬಟಾಣಿ ಬೇಕಾ?" ಎಂದು ದೋಣಿಯವನು ಕೈ ಬೀಸಿದ.

ಮರ್ಯಾದಸ್ಥರ ಮನೆಯಲ್ಲಿ ಬೆಳೆದವಳು ನಾನು. ಕೈ ಬೀಸಿದವರಿಗೆ ಕೈ ಬೀಸಬೇಕು. ಬೀಸಿದೆ. ಹೂವು ಹಿಡಿದಿದ್ದ ಕೈಯನ್ನೇ!

ಗುಳುಂ.

ಅಷ್ಟೇ ಸದ್ದು. ಎರಡು ಗುಳ್ಳೆ ಬಂದವು. ಕಾಲುವೆ ಮತ್ತೆ ಹಸಿರಾಯಿತು.

ಮಧ್ಯಾಹ್ನ ಓಲಿಂದೋ ಊಟಕ್ಕೆ ಬಂದ. ಬಾಗಿಲಲ್ಲೇ ಕೇಳಿದ: "ಎಷ್ಟು ಒಡೆದೆ?"

"ಒಂದೂ ಒಡೆದಿಲ್ಲ."

"ನಿಜವಾಗ್ಲೂ?"

"ಸಂತ ದೊನಾತೋ ಆಣೆಗೂ."

"ಮತ್ತೆ ಮುಖ ಯಾಕೆ ಹಾಗಿದೆ?"

"ಒಂದು ಮುಳುಗಿದೆ."

ಅವನು ಕಿಟಕಿಯಿಂದ ಬಗ್ಗಿ ನೋಡಿದ. ಉಬ್ಬರದ ನೀರು ಮೆಟ್ಟಿಲಿನವರೆಗೆ ಏರಿತ್ತು. ಮೀನಿನ ಬಲೆಯ ಕೋಲು ಹಾಕಿ ಕೆದಕಿದ. ಒಂದು ಹಳೆಯ ಬೂಟು ಬಂತು, ಮುರಿದ ಬಾಚಣಿಗೆ ಬಂತು. ಹೂವು ಬರಲಿಲ್ಲ.

"ಯಾವುದು ಮುಳುಗಿದ್ದು?"

"ಗುಲಾಬಿ."

ಓಲಿಂದೋ ಗೋಡೆಗೆ ಒರಗಿದ. "ಹಸಿರು ಮುಳುಗಿಸಬಾರದಿತ್ತೇನೇ? ಹಸಿರು ಬೇಕಾದಷ್ಟಿತ್ತು! ಆ ಗುಲಾಬಿಗೆ ಬಂಗಾರ ಹಾಕಿ ಕರಗಿಸಬೇಕು ಕಣೇ, ಬಂಗಾರ! ಯಾವ ಕಾಲದಲ್ಲೋ ಯಾವ ಶ್ರೀಮಂತನಿಗೋ ಕರಗಿಸಿದಾಗ ಉಳಿದದ್ದು ಅದು."

"ಜೋಡಿ ಇರಲ್ವಾ? ದೀಪ ಮಾಡುವಾಗ ಅದೇ ಮೂಸೆಯ ಗಾಜಲ್ಲಿ ಒಂದೆರಡು ಹೆಚ್ಚಿಗೆ ಮಾಡಿಡ್ತೀವಿ ಅಂತ ನೀನೇ ಹೇಳಿದ್ದೆಯಲ್ಲ."

"ಅದು ಗಿರಾಕಿಗೆ ಮಾಡೋ ದೀಪಕ್ಕೆ. ಇದು ಉಳಿಕೆ ಗಾಜಿನದು. ಉಳಿಕೆಯಲ್ಲಿ ಮತ್ತೆ ಉಳಿಕೆ ಎಲ್ಲಿಂದ ತರಬೇಕಿತ್ತು ಪಾಪ ನಮ್ಮಪ್ಪ?"

ನಾನು ಮೂಗೆಳೆದೆ. ಮೂಗೆಳೆಯುವುದರಲ್ಲಿ ನನಗೆ ಆಗ ಒಳ್ಳೆಯ ಹೆಸರಿತ್ತು. ಅವನು ಊಟ ಬಿಟ್ಟು, ಟೋಪಿ ಹಾಕಿಕೊಂಡ. "ನಡಿ ಕುಲುಮೆಗೆ. ಇವತ್ತು ಬಣ್ಣ ಇಲ್ಲದ ಗಾಜು ಬಿಟ್ರೆ ಬೇರೆ ಇಲ್ಲ. ಹೂವಿನ ಆಕಾರವಾದ್ರೂ ಇರ್ಲಿ."

ಎಲ್ಲರೂ ಊಟಕ್ಕೆ ಹೋಗಿ ಕುಲುಮೆ ಒಂಟಿಯಾಗಿ ಉರಿಯುತ್ತಿತ್ತು. ಅವನು ಕೋಲಿನ ತುದಿಗೆ ಗಾಜು ಸುತ್ತಿಕೊಂಡ. ಜೇನಿನ ಹಾಗೆ ಜೋಲುತ್ತಿತ್ತು, ಅವನು ತಿರುಗಿಸುತ್ತಿದ್ದ, ಅದು ಬೀಳುತ್ತೇನೆ ಬೀಳುತ್ತೇನೆ ಎನ್ನುತ್ತಿತ್ತು, ಬೀಳುತ್ತಿರಲಿಲ್ಲ. ಇಕ್ಕಳದಿಂದ ಒಂದೊಂದೇ ಎಸಳನ್ನು ಹೊರಗೆ ಎಳೆದ, ಮಲಗಿದ ಮಗುವಿನ ಬೆರಳು ಬಿಡಿಸುವ ಹಾಗೆ. ಬೆಂಕಿಯ ಬೆಳಕಿನಲ್ಲಿ ಅವನ ಕಿವಿಯ ಅಂಚು ಕೆಂಪಗೆ ಹೊಳೆಯುತ್ತಿತ್ತು. ನಾನು ಯಾಕೆ ಬಂದಿದ್ದೇನೆ ಎಂಬುದೇ ಮರೆತುಹೋಯಿತು. ಅವನು ಹೋಗಿ ಎಷ್ಟೋ ವರ್ಷವಾಯಿತು. ಈಗಲೂ ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಆ ಕಿವಿ.

ಹೂವನ್ನು ಅವನು ತಣಿಯುವ ಗೂಡಿನೊಳಗೆ ಇಟ್ಟ. "ಇನ್ನು ಇದು ನಾಳೆ ಬೆಳಗ್ಗೆವರೆಗೂ ಮಲಗಬೇಕು. ಗಾಜು ಮೆಲ್ಲಗೆ ತಣಿಯಬೇಕು. ನಿದ್ದೆ ಮುಗಿಯೋಕೆ ಮುಂಚೆ ಎಬ್ಬಿಸಿದ್ರೆ ಸಿಟ್ಟು ಒಳಗೇ ಉಳಿಯುತ್ತೆ. ನೋಡೋಕೆ ಚೆನ್ನಾಗೇ ಇರುತ್ತೆ. ಯಾವಾಗ ಸಿಡಿಯುತ್ತೋ ದೇವರಿಗೇ ಗೊತ್ತು."

"ಮತ್ತೆ ಇವತ್ತು ಸಂಜೆ?"

"ಅಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳೋದು."

ಇದ್ದದ್ದು ಇದ್ದ ಹಾಗೆ ಹೇಳುವುದೇ! ಇಂಥ ಸಲಹೆ ಗಂಡಸರಿಗೆ ಮಾತ್ರ ಹೊಳೆಯುತ್ತದೆ. ಅವನು ಕೆಲಸಕ್ಕೆ ಕೂತ ಮೇಲೆ ನಾನು ಮನೆಗೆ ಬಂದೆ, ಉಳಿದದ್ದು ತೊಳೆದೆ, ಬೀದಿಗೆ ಇಣುಕಿದೆ, ಕೂತೆ, ಎದ್ದೆ. ಕೊನೆಗೆ ಯೋಚಿಸಿದೆ: ಹುಟ್ಟಿದ ಮಗುವೇ ಮಧ್ಯಾಹ್ನ ಎರಡು ಗಂಟೆ ಮಲಗಿ ಏಳುತ್ತದೆ; ಒಂದು ಹೂವಿಗೆ ಎಷ್ಟು ನಿದ್ದೆ ಬೇಕು? ಕುಲುಮೆಯ ಹಿಂಬಾಗಿಲಿನಿಂದ ಹೋಗಿ, ಸೊಂಟಕ್ಕೆ ಕಟ್ಟಿದ್ದ ಅಡಿಗೆ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಬಂದೆ. ಬೆಚ್ಚಗಿತ್ತು, ಗೂಡಿನಿಂದ ಬಿದ್ದ ಹಕ್ಕಿಮರಿಯ ಹಾಗೆ. ದಾರಿಯಲ್ಲಿ ಅದಕ್ಕೆ ಒಂದು ಜೋಗುಳ ಕೂಡ ಹಾಡಿದೆ ಅಂದರೆ ನಂಬಿ!

ಬಣ್ಣ? ಅದಕ್ಕೂ ನನ್ನ ಹತ್ತಿರ ಉಪಾಯವಿತ್ತು. ಮದುವೆಗೆಂದು ಕೊಂಡ ಲಿಪ್‌ಸ್ಟಿಕ್ ಪೆಟ್ಟಿಗೆಯಲ್ಲಿ ಹಾಗೇ ಇತ್ತು. ಹೂವಿನ ಒಳಗೆ ಹಚ್ಚಿದೆ. ಗಾಜಿನ ಬಿಸಿಗೆ ಅದು ಕರಗಿ, ಬೆರಳಿಗೆ ಸಿಕ್ಕ ಕಡೆಯೆಲ್ಲ ನುಣ್ಣಗೆ ಹರಡಿ... ಅಬ್ಬಬ್ಬಾ! ಬಂಗಾರ ಯಾಕೆ ಬೇಕು? ಇಷ್ಟು ಸುಲಭದ ದಾರಿ ಇರುವಾಗ ಈ ಊರಿನ ಗಂಡಸರು ಇಷ್ಟು ವರ್ಷ ಸುಮ್ಮನೆ ಬೆವರು ಸುರಿಸಿದರಲ್ಲ ಎಂದು ಮರುಕವಾಯಿತು.

ಸಂಜೆ ಓಲಿಂದೋ ಓಡಿಬಂದ. ಏಣಿ ಹತ್ತಿ ತೋಳುಗಳನ್ನು ಜೋಡಿಸಿದ, ತಂತಿ ತೂರಿಸಿದ, ಎಲೆ ಸಿಕ್ಕಿಸಿದ. ನಾನು ಕೆಳಗಿನಿಂದ ಒಂದೊಂದೇ ಕೊಡುತ್ತಿದ್ದೆ. ಕೊನೆಗೆ ಹೂವು ಕೊಟ್ಟೆ. ಅವನ ಕೈ ಅಲ್ಲೇ ನಿಂತಿತು.

"ಇದು ಎಲ್ಲಿಂದ ಬಂತು? ಬಣ್ಣ ಎಲ್ಲಿಂದ ಬಂತು?"

"ಪ್ರಶ್ನೆ ಆಮೇಲೆ. ಮೊದಲು ಸಿಕ್ಕಿಸು."

"ಬೆಚ್ಚಗಿದೆಯಲ್ಲೇ ಇದು!"

"ನನ್ನ ಕೈ ಬೆಚ್ಚಗಿದೆ, ಅದಕ್ಕೆ."

"ನಿನ್ನ ಕೈ ಯಾವತ್ತು ಬೆಚ್ಚಗಿತ್ತು? ಮೀನಿನ ಹಾಗೆ ತಣ್ಣಗಿರುತ್ತೆ! ಎರ್ಮಿನಿಯಾ, ನಿಜ ಹೇಳು, ಇದನ್ನ ಎಬ್ಬಿಸ್ಕೊಂಡು ಬಂದ್ಯಾ?"

ಅಷ್ಟರಲ್ಲಿ ಕೆಳಗೆ ಮೆಟ್ಟಿಲಿನ ಮೇಲೆ ಕೆಮ್ಮು ಕೇಳಿಸಿತು. ಆ ಕೆಮ್ಮು ನಮ್ಮಿಬ್ಬರಿಗೂ ಗೊತ್ತು. ಅವನು ಹೂವನ್ನು ಸಿಕ್ಕಿಸಿ, ಫ್ಯೂಸು ಹಾಕಿ, ಏಣಿಯನ್ನು ಮಂಚದ ಕೆಳಗೆ ತಳ್ಳುವ ಹೊತ್ತಿಗೆ ಅತ್ತೆ ಒಳಗೆ ಬಂದರು. ಹಿಂದೆಯೇ ದೋನ್ ಗೌದೆಂಝಿಯೋ ಪಾದ್ರಿಗಳು, ಇಸ್ತ್ರಿ ಮಾಡಿದ ಬಿಳಿ ಮೇಲಂಗಿಯಲ್ಲಿ, ತೀರ್ಥದ ಪಾತ್ರೆ ಹಿಡಿದುಕೊಂಡು.

"ದೋಣಿಕಟ್ಟೆಯಲ್ಲೇ ಸಿಕ್ಕಿದ್ರು. ಮೊದಲು ನಮ್ಮ ಮನೆಗೇ ಬನ್ನಿ ಅಂದೆ," ಎಂದರು ಅತ್ತೆ. ಆಮೇಲೆ ತಲೆ ಎತ್ತಿದರು.

ಎಷ್ಟು ಹೊತ್ತು ನೋಡಿದರು! ಕಿಟಕಿಯಿಂದ ಬಂದ ಸಂಜೆಯ ಬೆಳಕಿಗೆ ದೀಪದ ಒಂದೊಂದು ತುದಿಯೂ ಮಿನುಗುತ್ತಿತ್ತು. ಅತ್ತೆಯ ಕೈ ಕರವಸ್ತ್ರದ ಕಡೆ ಹೋಯಿತು. ನನ್ನ ಕನಸಿನ ಕರವಸ್ತ್ರವೇ, ಅಂಚು ಕೂಡ ಅದೇ!

"ಯಾರು ತೊಳೆದದ್ದು?"

"ನಾನೇ, ಅತ್ತೆ."

"ಇಷ್ಟು ಬಣ್ಣ ಇತ್ತಾ ಇದರಲ್ಲಿ... ಅವರು ಹೋದ್ಮೇಲೆ ನಾನು ಇದನ್ನ ಹೀಗೆ ನೋಡೇ ಇರಲಿಲ್ಲ," ಎಂದರು ಮೆಲ್ಲಗೆ.

ಇನ್ನೊಂದೇ ಮಾತು ಬಾಕಿ ಇತ್ತು. 'ಸ್ವಿಚ್ಚು ಒತ್ತಮ್ಮ.' ಅದು ಅವರ ತುಟಿಯವರೆಗೆ ಬಂದದ್ದನ್ನು ನಾನು ಕಂಡೆ. ಆದರೆ ಪಾದ್ರಿಗಳಿಗೆ ಬೀದಿಯ ಉಳಿದ ಮನೆಗಳ ಆತುರ. ಪ್ರಾರ್ಥನೆ ಹೇಳಿ ತೀರ್ಥ ಚಿಮುಕಿಸಿದರು. ಅವರದು ಧಾರಾಳದ ಕೈ. ಗೋಡೆಗೆ, ಮೇಜಿಗೆ, ಹುಳಿಯಲ್ಲಿ ನೆನೆಹಾಕಿದ್ದ ಮೀನಿಗೆ, ಕೊನೆಗೆ ಕೈ ಎತ್ತಿ ದೀಪಕ್ಕೆ.

ತಣ್ಣನೆಯ ಒಂದು ಹನಿ ಹೂವಿನ ಮೇಲೆ ಬಿತ್ತು.

ಟಿಣ್!

ಸಣ್ಣ ಸದ್ದು, ಇಂಪಾಗಿಯೇ ಇತ್ತು. ಒಂದು ಎಸಳು ತೀರ್ಥದ ಪಾತ್ರೆಗೆ ಬಿತ್ತು. ಒಂದು ಮೇಜಿಗೆ. ಉಳಿದ ಹೂವು ಪಾದ್ರಿಗಳ ಹೆಗಲ ಮೇಲೆ ಇಳಿದು, ಎದೆಯ ಮೇಲೆ ಜಾರಿ, ಅವರ ಅಂಗೈಯಲ್ಲಿ ಬಂದು ಕುಳಿತಿತು. ಯಾರಿಗೂ ಗಾಯವಾಗಲಿಲ್ಲ. ಆದರೆ ಬಿಳಿ ಮೇಲಂಗಿಯ ಮೇಲೆ, ಹೆಗಲಿನಿಂದ ಎದೆಯವರೆಗೆ, ಕೆಂಪಗೆ ಒಂದು ಗೆರೆ!

"ಅಯ್ಯೋ ರಕ್ತ!" ಎಂದ ಓಲಿಂದೋ.

ಅತ್ತೆ ಹತ್ತಿರ ಬಂದು, ಬೆರಳಿನಿಂದ ಮುಟ್ಟಿ, ಮೂಸಿ ನೋಡಿದರು. "ರಕ್ತ ಅಲ್ಲ. ಲಿಪ್‌ಸ್ಟಿಕ್."

ಪಾದ್ರಿಗಳ ಮುಖ ಹೇಗಾಯಿತೆಂದು ಬರೆಯಲು ನನ್ನ ಅರ್ಧ ಓದು ಸಾಲದು. "ಅರ್ಜಿಯಮ್ಮ, ನಾನಿನ್ನೂ ಇಡೀ ಬೀದಿಗೆ ಹೋಗ್ಬೇಕು!" ಎಂದು ಕೂಗಿದರು. "ಹೀಗೆ ಹೋದ್ರೆ ಜನ ನನ್ನ ತೀರ್ಥ ತಗೊಳ್ತಾರಾ?"

"ಮೊದಲನೇ ಮನೆಯಿಂದಲೇ ಹೀಗೆ ಬಂದ್ರು ಅಂದ್ರೆ ನನ್ನ ಮಾನವೂ ಹೋಗುತ್ತೆ ಸ್ವಾಮಿ. ಓಲಿಂದೋ, ಕಾಲರಿನ ಹತ್ತಿರ ಹಿಡ್ಕೋ. ಏ ಬುರಾನೋದವಳೇ, ಸೋಪು ತಾ! ತೊಳೆಯೋದ್ರಲ್ಲಿ ನೀನು ದೊಡ್ಡ ಪಂಡಿತೆ ಅಲ್ವಾ?"

ಪಾದ್ರಿಗಳು ಮೇಲಂಗಿ ಇಲ್ಲದೆ ಮೂಲೆಯ ಕುರ್ಚಿಯಲ್ಲಿ ಹಬ್ಬದ ಸಿಹಿರೊಟ್ಟಿ ತಿನ್ನುತ್ತಾ ಕುಳಿತರು. ನಾನು ತೊಳೆದೆ, ಅತ್ತು ತೊಳೆದೆ. ಗೆರೆ ಗುಲಾಬಿಯಾಯಿತು, ತಿಳಿಗುಲಾಬಿಯಾಯಿತು, ಪೂರ್ತಿ ಹೋಗಲಿಲ್ಲ. ಕೊನೆಗೆ ನನ್ನ ತವರಿನ ಕಸೂತಿಯ ಒಂದು ಪಟ್ಟಿ ತಂದು, ಸೂಜಿ ಹಿಡಿದು, ಕಲೆಯ ಮೇಲೆ ಹೊಲಿದುಬಿಟ್ಟೆ. ಬಿಷಪ್ಪರ ಅಂಗಿಗೂ ಅಂಥ ಪಟ್ಟಿ ಇರಲಿಲ್ಲ. ಪಾದ್ರಿಗಳು ಕನ್ನಡಿಯಲ್ಲಿ ಎರಡು ಸಲ ನೋಡಿಕೊಂಡು, ಎದೆ ಮುಂದೆ ಮಾಡಿಕೊಂಡು ಹೊರಟರು.

ಬಾಗಿಲು ಮುಚ್ಚಿಕೊಂಡಿತು. ಅತ್ತೆ ಕುರ್ಚಿ ಎಳೆದು ಕುಳಿತರು.

"ಗುಲಾಬಿ ಹೂವು ಎಲ್ಲಿ?"

"ಕಾ... ಕಾಲುವೆಯಲ್ಲಿ."

"ಯಾವ ಕಿಟಕಿ?"

ತೋರಿಸಿದೆ. ಅತ್ತೆ ಎದ್ದು ತಮ್ಮ ಕೋಣೆಗೆ ಹೋದರು. ನನ್ನ ಬಟ್ಟೆಬರೆ ಕಟ್ಟಿ ತರುತ್ತಾರೆ ಎಂದುಕೊಂಡೆ. ಬುರಾನೋಗೆ ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಓಲಿಂದೋನನ್ನು ಕಣ್ಣಲ್ಲೇ ಕೇಳಿದೆ. ಅತ್ತೆ ಒಂದು ಬಿಸ್ಕತ್ತಿನ ತಗಡಿನ ಡಬ್ಬಿಯೊಂದಿಗೆ ಬಂದರು. ಒಳಗೆ ಒಣಹುಲ್ಲು. ಹುಲ್ಲಿನ ನಡುವೆ, ಮೊಟ್ಟೆಯ ಹಾಗೆ ಒಂದೇ ಒಂದು ಗುಲಾಬಿ ಹೂವು!

ಓಲಿಂದೋ ಬಾಯಿ ಬಿಟ್ಟ. "ಅಮ್ಮಾ! ಜೋಡಿ ಇತ್ತಾ?"

"ನಿಮ್ಮಪ್ಪ ಕುಲುಮೆಯವರು ಕಣೋ. ಒಡೆಯಲ್ಲ ಅನ್ನೋ ಗಾಜನ್ನ ಅವರು ಯಾವತ್ತೂ ನಂಬಿದವರಲ್ಲ. ಎಲ್ಲಕ್ಕೂ ಒಂದೊಂದು ಮಾಡಿಟ್ರು. ಗುಲಾಬಿ ಮಾತ್ರ ಮೂಸೆ ಖಾಲಿ ಆಗೋವರೆಗೂ ಮಾಡಿದ್ರು. ಒಂದು ಮಾತು ಕೇಳಿದ್ರೆ ಕೊಡ್ತಿದ್ದೆನಲ್ಲೇ, ಹುಚ್ಚಿ!"

"ಮತ್ತೆ... ಒಂದೇ ಇದೆಯಲ್ಲ ಅತ್ತೆ? ಉಳಿದವು?"

ಅತ್ತೆ ಕಿಟಕಿಯ ಕಡೆ ನೋಡಿದರು. ಹೊರಗೆ ನೀರು ಮೆಲ್ಲಗೆ ಗೋಡೆಗೆ ತಾಗುತ್ತಿತ್ತು.

"ಅದೇ ಕಾಲುವೆಯಲ್ಲಿ," ಎಂದರು. "ಆ ಹೂವಿನೊಳಗಿಂದ ದೋಣಿ ನೋಡೋಕೆ ತುಂಬಾ ಚೆನ್ನಾಗಿ ಕಾಣುತ್ತೆ, ಅಲ್ವಾ?"

ನಾನು ಅತ್ತೆಯನ್ನು ನೋಡಿದೆ. ಗುಲಾಬಿ ಬೆಳಕು ಇಲ್ಲದೆಯೇ ಅವರು ಆಗ ಹತ್ತಲ್ಲ, ನಲವತ್ತು ವರ್ಷ ಚಿಕ್ಕವರಾಗಿ ಕಂಡರು. ಹೊಸ ಮದುವಣಗಿತ್ತಿಯೊಬ್ಬಳು ಕಿಟಕಿಯಲ್ಲಿ ನಿಂತು, ದೋಣಿಯಲ್ಲಿ ಮನೆಗೆ ಬರುವ ಗಂಡನಿಗೆ ಕೈ ಬೀಸುತ್ತಿದ್ದಳು. ಹೂವು ಹಿಡಿದಿದ್ದ ಕೈಯನ್ನೇ.

ಓಲಿಂದೋ ಮತ್ತೆ ಏಣಿ ಎಳೆದ. ಹೂವು ತನ್ನ ಜಾಗದಲ್ಲಿ ಕುಳಿತಿತು. ಹೊರಗೆ ಕತ್ತಲಾಗುತ್ತಿತ್ತು. ಅತ್ತೆ ತಮ್ಮ ಕುರ್ಚಿಯ ಹತ್ತಿರ ಹೋದರು, ಆದರೆ ಕೂರಲಿಲ್ಲ. ಗದ್ದದಿಂದಲೇ ಗೋಡೆಯ ಕಡೆ ತೋರಿಸಿದರು.

"ಹೋಗು. ಸ್ವಿಚ್ಚು ಒತ್ತು."

ನನ್ನ ಕಾಲು ನೆಲದ ಮೇಲಿರಲಿಲ್ಲ. ಗಾಳಿಯಲ್ಲಿ ನಡೆದುಕೊಂಡು ಗೋಡೆಯ ಹತ್ತಿರ ಹೋದೆ. ಬೆರಳನ್ನು ಲಂಗಕ್ಕೆ ಒರೆಸಿಕೊಂಡೆ. ಒತ್ತಿದೆ.

ಚಟ್! ಪಟ್! ಸುಟ್ಟ ವಾಸನೆ. ಅಡಿಗೆಮನೆಯ ದೀಪ ಹೋಯಿತು, ಮೆಟ್ಟಿಲಿನ ದೀಪ ಹೋಯಿತು, ಎದುರುಮನೆಯವರು "ಯಾರಪ್ಪಾ ಅದು!" ಎಂದು ಕೂಗಿದರು.

ಕತ್ತಲಲ್ಲಿ ಓಲಿಂದೋನ ದನಿ ಕೇಳಿಸಿತು, ತುಂಬಾ ಮೆತ್ತಗೆ: "ತೋಳುಗಳ ಒಳಗಿನ ನೀರು ಒಣಗಿಸಿದ್ಯಾ?"

ತಡಕಾಡುತ್ತಾ ದೀಪದ ಕೆಳಗೆ ಬಂದು ತಲೆ ಎತ್ತಿದೆ. ಮೇಲೆ ದೀಪದಿಂದ ಒಂದು ಹನಿ ನನ್ನ ಮೂಗಿನ ಮೇಲೆ ಬಿದ್ದು ಉತ್ತರ ಹೇಳಿತು.

ಆಗ ಕೆಳಗೆ ಒಂದು ದೋಣಿ ಹಾದುಹೋಯಿತು. ಅದರ ಲಾಂದ್ರದ ಬೆಳಕು ನೀರಿಗೆ ಬಿದ್ದು, ನೀರಿನಿಂದ ಕಿಟಕಿಗೆ ಬಂದು, ದೀಪವನ್ನು ಒಮ್ಮೆ ಸವರಿತು. ಹಸಿರು, ಜೇನು, ನೀಲಿ ಎಲ್ಲ ಒಂದೊಂದೇ ಎದ್ದು, ಗೋಡೆಯ ಮೇಲೆ ನಡೆದು, ಮತ್ತೆ ಮಲಗಿದವು. ಕೊನೆಗೆ ಗುಲಾಬಿ. ಅದು ನಮ್ಮ ಮೂವರ ಮುಖದ ಮೇಲೂ ಒಂದು ಕ್ಷಣ ನಿಂತು ಹೋಯಿತು.

"ನೋಡೋ ಓಲಿಂದೋ," ಎಂದರು ಅತ್ತೆ, "ನಿನ್ನ ಹೆಂಡ್ತಿ ಕರೆಂಟೇ ಇಲ್ದೆ ದೀಪ ಹಚ್ಚಿದ್ಲು."

ಓಲಿಂದೋ ನಕ್ಕ. ನಾನು ಅಳುವುದೋ ನಗುವುದೋ ತಿಳಿಯದೆ ಮೂಗು ಒರೆಸಿಕೊಂಡೆ. "ಏನೇ, ಹೊಸ ಹೆಸರು ಯೋಚನೆ ಮಾಡಿಟ್ಕೊಂಡ್ಯಾ?" ಎಂದು ಅವನು ನನ್ನ ಕಿವಿಯಲ್ಲಿ ಕೇಳಿದ.

ಉತ್ತರ ಅತ್ತೆಯ ಕುರ್ಚಿಯಿಂದ ಬಂತು.

"ಎರ್ಮಿನಿಯಾ," ಎಂದರು, ಈ ಮನೆಗೆ ಬಂದಮೇಲೆ ಮೊದಲ ಸಲ, "ಹೋಗಿ ಒಂದು ಮೇಣದಬತ್ತಿ ಹಚ್ಕೊಂಡು ಬಾ ತಾಯಿ. ಅದನ್ನ ಮಾತ್ರ ತೊಳೀಬೇಡ!"